ಕೇಳುಗರು ಎಲ್ಲಿಗೆ ಹೋದರು?

2025ರ ಫೆಬ್ರವರಿ 9, ಭಾನುವಾರ. ಆ ಸಂಜೆ ದಕ್ಷಿಣ ಬೆಂಗಳೂರಿನ ಒಂದು ಸಭಾಂಗಣಕ್ಕೆ ಕಚೇರಿ ಕೇಳಲು ಹೋಗಿದ್ದೆ. ಹಾಡುತ್ತಿದ್ದವರು ತುಂಬು ಶಾರೀರದ ವಿದುಷಿ. ವಯೊಲಿನ್, ಮೃದಂಗ, ಘಟ ಮೂರೂ ಪಳಗಿದ ಕೈಗಳಲ್ಲಿದ್ದವು. ಅವರು ತೋಡಿ ರಾಗದ ಆಲಾಪನೆಗೆ ಇಳಿದಾಗ ಹಿಂದೆ ತಿರುಗಿ ಎಣಿಸಿದೆ. ಮುನ್ನೂರು ಕುರ್ಚಿಗಳಲ್ಲಿ 26 ಜನ. ಮೃದಂಗ, ಘಟಗಳ ತನಿ ಆವರ್ತನ ಮುಗಿಯುವ ಹೊತ್ತಿಗೆ 17. ಹೆಚ್ಚಿನವರು ಅರವತ್ತು ದಾಟಿದವರು. ಕಲಾವಿದೆಯ ಮುಖದಲ್ಲಿ ಬೇಸರ ಕಾಣಲಿಲ್ಲ, ಖಾಲಿ ಕುರ್ಚಿಗಳು ಅವರಿಗೆ ಅಭ್ಯಾಸವಾಗಿಹೋಗಿವೆ ಅನ್ನಿಸಿ ನನಗೆ ಇನ್ನಷ್ಟು ಸಂಕಟವಾಯಿತು.

ಅದೇ ಸಂಜೆ ತುಮಕೂರು ರಸ್ತೆಯ ಮಾದಾವರದ ಮೈದಾನದಲ್ಲಿ ಇಂಗ್ಲೆಂಡಿನ ಗಾಯಕ ಎಡ್ ಶೀರನ್ ಸತತ ಎರಡನೇ ದಿನ ಹಾಡುತ್ತಿದ್ದರು. ಸಾವಿರಗಟ್ಟಲೆ ರೂಪಾಯಿ ಕೊಟ್ಟು ಟಿಕೆಟ್ ಕೊಂಡವರು ಗಂಟೆಗಟ್ಟಲೆ ವಾಹನಗಳ ಸಾಲಿನಲ್ಲಿ ಕಾದು ಅಲ್ಲಿಗೆ ತಲುಪಿದ್ದರು. ಆ ದಿನವೇ ಶೀರನ್ ಚರ್ಚ್ ಸ್ಟ್ರೀಟಿನ ಬದಿಯಲ್ಲಿ ಗಿಟಾರ್ ಹಿಡಿದು ಹಾಡಲು ನಿಂತಿದ್ದರು. ದಾರಿಹೋಕರು ಮುತ್ತಿಕೊಂಡರು, ಪೊಲೀಸರು ಬಂದು ಮೈಕು ಬಂದ್ ಮಾಡಿಸಿದರು. ಒಂದು ಕಡೆ ಜನರನ್ನು ಚದುರಿಸಲು ಪೊಲೀಸರು ಬೇಕಾಗುತ್ತಾರೆ, ಇನ್ನೊಂದು ಕಡೆ ಉಚಿತವೆಂದು ಬಾಗಿಲು ತೆರೆದಿಟ್ಟರೂ ಯಾರೂ ಬರುವುದಿಲ್ಲ. ಹೀಗಿರುವಾಗ 'ಜನ ಸಂಗೀತ ಕೇಳಲು ಬರುವುದೇ ಇಲ್ಲ' ಎಂಬ ಮಾತನ್ನು ಪೂರ್ತಿ ಒಪ್ಪಲಾಗದು. ಯಾವ ಸಂಗೀತಕ್ಕೆ, ಯಾವ ಜಾಗಕ್ಕೆ, ಯಾಕೆ ಬರುತ್ತಾರೆ ಎಂದು ಬಿಡಿಸಿ ನೋಡಬೇಕು. ಕರ್ನಾಟಕದ ಮಟ್ಟಿಗೆ ಆ ಕೆಲಸವನ್ನು ಇಲ್ಲಿ ಮಾಡಲು ಯತ್ನಿಸಿದ್ದೇನೆ.

ಕೇಳುಗರಿಲ್ಲ ಎಂಬ ಕೊರಗು ಇಂದಿನದಲ್ಲ. ನೂರು ವರ್ಷಗಳ ಹಿಂದೆ, ದೀರ್ಘವಾದ ರಾಗ-ತಾನ-ಪಲ್ಲವಿಯೇ ಪ್ರಧಾನವಾಗಿದ್ದ ಕಚೇರಿಗಳು ಟಿಕೆಟ್ ಕೊಂಡು ಬರುವ ಹೊಸ ಕಾಲದ ಕೇಳುಗರಿಗೆ ಭಾರವಾಗತೊಡಗಿದ್ದವು. ಆಗ ಅರಿಯಾಕುಡಿ ರಾಮಾನುಜ ಅಯ್ಯಂಗಾರ್ ಅವರು ವರ್ಣದಿಂದ ಶುರುಮಾಡಿ, ಚುರುಕಾದ ಕೃತಿಗಳನ್ನು ಹಾಡಿ, ನಡುವೆ ಒಂದನ್ನು ವಿಸ್ತರಿಸಿ, ಕೊನೆಗೆ ದೇವರನಾಮ, ಜಾವಳಿ, ತಿಲ್ಲಾನಗಳಿಗೆ ಬರುವ ಕ್ರಮವನ್ನು ಬಳಕೆಗೆ ತಂದರು. ಇಂದು ನಾವು 'ಸಂಪ್ರದಾಯ' ಎಂದು ಕರೆಯುವ ಕಚೇರಿ ಪದ್ಧತಿ ಅಂದು ಕೇಳುಗರನ್ನು ಉಳಿಸಿಕೊಳ್ಳಲು ಕಂಡುಕೊಂಡ ಉಪಾಯ. ನಮ್ಮ ಪಿಟೀಲು ಚೌಡಯ್ಯನವರದೂ ಇಂಥದ್ದೇ ಕಥೆ. ಧ್ವನಿವರ್ಧಕವಿಲ್ಲದ ಕಾಲದಲ್ಲಿ ದೊಡ್ಡ ಸಭೆಯ ಕೊನೆಯ ಸಾಲಿಗೂ ನಾದ ಮುಟ್ಟಲಿ ಎಂದು ಅವರು ನಾಲ್ಕು ತಂತಿಯ ಪಿಟೀಲಿಗೆ ಮೂರು ತಂತಿ ಸೇರಿಸಿದರು. ಹಿಂದಿನ ಸಾಲಿನಲ್ಲಿ ಕೂತವನಿಗಾಗಿ ತಮ್ಮ ವಾದ್ಯವನ್ನೇ ಬದಲಿಸಿಕೊಂಡ ವಿದ್ವಾಂಸರು ನಮ್ಮಲ್ಲಿದ್ದರು ಎಂಬುದನ್ನು ಮರೆಯಬಾರದು.

ಕೇಳುಗರು ತಾವಾಗಿಯೇ ಹುಟ್ಟಿಕೊಳ್ಳುವುದಿಲ್ಲ, ಅವರು ತಯಾರಾಗಬೇಕು. ಅದಕ್ಕೆ ಹಿಂದೆ ಹತ್ತಾರು ಜಾಗಗಳಿದ್ದವು. ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರು ಕಟ್ಟಿಸಿದ ಪ್ರಸನ್ನ ಸೀತಾರಾಮ ಮಂದಿರದಲ್ಲಿ ರಾಮನವಮಿಯ ಕಚೇರಿಗಳು. ಬೆಂಗಳೂರಿನಲ್ಲಿ 1905ರಲ್ಲಿ ಶುರುವಾದ ಗಾಯನ ಸಮಾಜ. 1939ರಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾವ್ ಅವರು ಚಾಮರಾಜಪೇಟೆಯಲ್ಲಿ ಆರಂಭಿಸಿದ ರಾಮಸೇವಾ ಮಂಡಳಿಯ ರಾಮೋತ್ಸವ. ಅದು ನಡೆಯುತ್ತಿದ್ದ ಕೋಟೆ ಹೈಸ್ಕೂಲು ಮೈದಾನದ ಚಪ್ಪರದ ಒಳಗೆ ಕೂತವರಷ್ಟೇ ಕೇಳುಗರಾಗಿರಲಿಲ್ಲ. ಟಿಕೆಟ್ಟಿಗೆ ದುಡ್ಡಿಲ್ಲದವರು ಬೇಲಿಯಾಚೆ ರಸ್ತೆ ಬದಿಯಲ್ಲಿ ಚಾಪೆ ಹಾಸಿಕೊಂಡು ಎಂ.ಎಸ್. ಸುಬ್ಬುಲಕ್ಷ್ಮಿಯವರನ್ನೂ ಭೀಮಸೇನ ಜೋಶಿಯವರನ್ನೂ ಕೇಳಿದರು. ಮೈಸೂರಿನ ಒಂಟಿಕೊಪ್ಪಲು, ವಾಣಿವಿಲಾಸ ಮೊಹಲ್ಲಾ ಭಾಗದಲ್ಲಿ 'ಎಂಟನೇ ಕ್ರಾಸ್ ಗಣಪತಿ' ಎಂದರೆ ಗೊತ್ತಿಲ್ಲದವರಿಲ್ಲ. 1962ರಿಂದ ಬೀದಿಯಲ್ಲೇ ಪೆಂಡಾಲು ಹಾಕಿ, ನಾಡಿನ ದೊಡ್ಡ ವಿದ್ವಾಂಸರನ್ನೆಲ್ಲ ಕೂರಿಸಿ ಹಾಡಿಸಿದ ಬೀದಿ ಅದು. ಸಂಗೀತ ಗೊತ್ತಿಲ್ಲದವನೂ ತರಕಾರಿ ಚೀಲ ಹಿಡಿದು ಹತ್ತು ನಿಮಿಷ ನಿಲ್ಲುತ್ತಿದ್ದ. ಮಾರನೇ ದಿನ ಇಪ್ಪತ್ತು ನಿಮಿಷ. ನನ್ನ ತಲೆಮಾರಿನ ಹಲವರು ಕೇಳುಗರಾದದ್ದು ಹೀಗೇ.

ಉತ್ತರ ಕರ್ನಾಟಕದ ದಾರಿ ಬೇರೆ. ಅಲ್ಲಿ ಮಠಗಳಿದ್ದವು, ಜಾತ್ರೆಗಳಿದ್ದವು, ಕಂಪನಿ ನಾಟಕಗಳಿದ್ದವು. ನಾಟಕದ ಹಾಡಿಗೆ ಜನ 'ಒನ್ಸ್ ಮೋರ್' ಎಂದು ಕೂಗಿದರೆ ನಟ ಮತ್ತೆ ಹಾಡಲೇಬೇಕಿತ್ತು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ನೂರಾರು ಮಕ್ಕಳಿಗೆ ಸಂಗೀತ ಕಲಿಸಿ ಊರೂರಿಗೆ ಕಳಿಸಿದರು. ಶ್ರಾವಣದ ಪುರಾಣಕ್ಕೆ ಒಬ್ಬ ಗವಾಯಿ, ತಬಲಕ್ಕೆ ಒಬ್ಬ ಇರುತ್ತಿದ್ದರು. ಹೊಲದಿಂದ ಬಂದ ರೈತನಿಗೆ ಭೀಮಪಲಾಸಿಯ ಹೆಸರು ಗೊತ್ತಿಲ್ಲದಿದ್ದರೂ ಅದರ ಗುರುತು ಸಿಗುತ್ತಿತ್ತು.

ಇನ್ನು ಮದುವೆಮನೆ. ಹಳೆಯ ಮೈಸೂರು ಸೀಮೆಯಲ್ಲಿ ಆರತಕ್ಷತೆಯ ಸಂಜೆ ಕಚೇರಿ ಇಡಿಸುವುದು ಮಧ್ಯಮವರ್ಗದ ಮನೆಗಳಲ್ಲೂ ಇದ್ದ ರೂಢಿ. ಅಲ್ಲಿ ಗದ್ದಲ ಇರುತ್ತಿತ್ತು, ಕೇಳುವವರು ಕಡಿಮೆ ಎಂದು ಕಲಾವಿದರು ನೊಂದುಕೊಳ್ಳುತ್ತಿದ್ದದ್ದೂ ನಿಜ. ಆದರೂ ಎಳೆಯ ವಿದ್ವಾಂಸರಿಗೆ ಅದು ಸಂಪಾದನೆ, ಮುಂದಿನ ಸಾಲಿನಲ್ಲಿ ಕೂತ ಮಕ್ಕಳಿಗೆ ಅದು ಮೊದಲ ಕಚೇರಿ. ಈಗ ಆ ಜಾಗವನ್ನು ಮೆಹಂದಿ, 'ಸಂಗೀತ್', ಡಿಜೆಗಳು ಹಿಡಿದಿವೆ. ಗಣೇಶನ ಹಬ್ಬದ ಆರ್ಕೆಸ್ಟ್ರಾಗಳ ಪಾಡೂ ಇದೇ. ಊರಿನ ಹುಡುಗರು ಕೀಬೋರ್ಡು, ರಿದಂ ಪ್ಯಾಡು ಹಿಡಿದು ರಾಜಕುಮಾರ್, ಪಿ.ಬಿ. ಶ್ರೀನಿವಾಸ್, ಎಸ್.ಪಿ. ಬಾಲಸುಬ್ರಹ್ಮಣ್ಯಂ ಹಾಡುಗಳನ್ನು ಹಾಡುತ್ತಿದ್ದ ವೇದಿಕೆಗಳು ಒಂದೊಂದಾಗಿ ಮುಚ್ಚಿದವು. ಹತ್ತು ಜನ ನುಡಿಸುವವರ ಬದಲು ಲಾರಿಯ ಮೇಲೆ ಪೇರಿಸಿದ ಸ್ಪೀಕರುಗಳು ಬಂದವು. ಪ್ರತಿ ಹಬ್ಬದಲ್ಲೂ ಡಿಜೆ ನಿಷೇಧದ ಬಗ್ಗೆ ಜಿಲ್ಲಾಡಳಿತಗಳು ಆದೇಶ ಹೊರಡಿಸುತ್ತವೆ, ಚರ್ಚೆಯೆಲ್ಲ ಶಬ್ದದ ಬಗ್ಗೆ ನಡೆಯುತ್ತದೆ. ಕೆಲಸ ಕಳೆದುಕೊಂಡ ಆರ್ಕೆಸ್ಟ್ರಾದವರ ಮಾತು ಅಲ್ಲಿ ಬರುವುದೇ ಇಲ್ಲ.

ಕೇಳುಗರು ಕಡಿಮೆಯಾದದ್ದಕ್ಕೆ ಯಾರನ್ನು ಕೇಳಿದರೂ ಮೊದಲು ತೋರಿಸುವುದು ಮೊಬೈಲನ್ನು. ನನಗೆ ಇದು ಅರ್ಧ ಸತ್ಯ ಅನ್ನಿಸುತ್ತದೆ. ರೇಡಿಯೊ ಬಂದಾಗಲೂ ಇದೇ ಮಾತು ಕೇಳಿಬಂದಿತ್ತು, ಕ್ಯಾಸೆಟ್ ಬಂದಾಗಲೂ ಕೇಳಿಬಂದಿತ್ತು. ಧಾರವಾಡ ಆಕಾಶವಾಣಿ 1950ರಲ್ಲಿ ಶುರುವಾದ ಮೇಲೆ ಆ ಸೀಮೆಯ ಗಾಯಕರು ಮನೆಮನೆಗೆ ತಲುಪಿದರು, ಅವರ ಬೈಠಕ್ಕುಗಳಿಗೆ ಜನ ಹೆಚ್ಚಾದರು. ಬಾಲಕ ಭೀಮಸೇನ ಜೋಶಿ ಗದುಗಿನ ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ತಟ್ಟೆ ಕೇಳಿ, ಹಾಗೆ ಹಾಡಬೇಕೆಂದು ಮನೆ ಬಿಟ್ಟು ಓಡಿದ. 1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ 'ನಿತ್ಯೋತ್ಸವ' ಕ್ಯಾಸೆಟ್ ಬಂದಾಗ ಭಾವಗೀತೆಯ ವೇದಿಕೆಗಳು ಸೊರಗಲಿಲ್ಲ, ಊರೂರಿಗೆ ಹಬ್ಬಿದವು. ಧ್ವನಿಮುದ್ರಿಕೆ ಕೇಳಿದವರಿಗೆ ಹಾಡುವವರನ್ನು ಎದುರಿಗೆ ಕಾಣುವ ಆಸೆ ಹುಟ್ಟುತ್ತಿತ್ತು. ಈಗಲೂ ಹುಟ್ಟುತ್ತದೆ. 2025ರ ಜನವರಿ 26ರಂದು ಅಹಮದಾಬಾದಿನಲ್ಲಿ ಕೋಲ್ಡ್‌ಪ್ಲೇ ತಂಡ ಹಾಡಿದ್ದನ್ನು ಅದೇ ಹೊತ್ತಿಗೆ ಮೊಬೈಲಿನಲ್ಲಿ ನೇರಪ್ರಸಾರ ಮಾಡಿದ್ದರು. ಮನೆಯಲ್ಲೇ ಕೂತು ನೋಡಬಹುದಿತ್ತು. ಆದರೂ ಆ ಕ್ರೀಡಾಂಗಣದಲ್ಲಿ ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು.

ಮೊಬೈಲು ಕಿತ್ತುಕೊಂಡದ್ದು ಬೇರೆಯೇ ಒಂದನ್ನು. ಮೂರು ನಿಮಿಷಕ್ಕಿಂತ ಹೆಚ್ಚು ಹೊತ್ತು ಒಂದರಲ್ಲಿ ನಿಲ್ಲುವ ವ್ಯವಧಾನ ಹೋಯಿತು. ನಲವತ್ತು ನಿಮಿಷದ ಕಾಂಬೋಧಿಗೆ, ಒಂದು ಗಂಟೆಯ ಮಾರ್ವಾಕ್ಕೆ ಅದರಿಂದ ಆದ ಪೆಟ್ಟು ದೊಡ್ಡದು. ಇದನ್ನು ಅಲ್ಲಗಳೆಯುವುದಿಲ್ಲ.

ಅದಕ್ಕಿಂತ ಸರಳ ಕಾರಣಗಳೂ ಇವೆ, ಅವುಗಳ ಬಗ್ಗೆ ನಾವು ಸಾಕಷ್ಟು ಮಾತಾಡುತ್ತಿಲ್ಲ. ಬೆಂಗಳೂರಿನಲ್ಲಿ ಹತ್ತು ಕಿಲೋಮೀಟರ್ ದಾಟಲು ಅರ್ಧ ಗಂಟೆಗೂ ಹೆಚ್ಚು ಬೇಕು. ಮೂವತ್ತರ ಹರೆಯದವರು ವೈಟ್‌ಫೀಲ್ಡ್, ಸರ್ಜಾಪುರ, ಯಲಹಂಕಗಳಲ್ಲಿ ಇದ್ದಾರೆ. ಸಂಗೀತ ಸಭಾಗಳು ಬಸವನಗುಡಿ, ಜಯನಗರ, ಮಲ್ಲೇಶ್ವರಗಳಲ್ಲಿವೆ. ಕಚೇರಿ ಹೆಚ್ಚಾಗಿ ಶುರುವಾಗುವುದು ವಾರದ ದಿನ ಸಂಜೆ ಆರಕ್ಕೋ ಆರೂವರೆಗೋ. ಆ ಹೊತ್ತಿಗೆ ಅವರು ಇನ್ನೂ ಆಫೀಸಿನಲ್ಲಿರುತ್ತಾರೆ. ಹಾಗಿದ್ದ ಮೇಲೆ ನಿವೃತ್ತರು ಮಾತ್ರ ಬರುತ್ತಾರೆ ಎಂದು ಅಚ್ಚರಿಪಡುವುದರಲ್ಲಿ ಅರ್ಥವಿಲ್ಲ. ವೇಳಾಪಟ್ಟಿಯೇ ಅವರನ್ನು ಮಾತ್ರ ಕರೆಯುತ್ತಿದೆ.

ರಾತ್ರಿಯೂ ಕೈತಪ್ಪಿತು. 2000ದಲ್ಲಿ ಬಂದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಆಸ್ಪತ್ರೆಯಲ್ಲಿ ಮಲಗಿದವರಿಗೆ, ಓದುವ ಮಕ್ಕಳಿಗೆ ಈ ನಿಯಮ ಬೇಕಿತ್ತು. ಆದರೆ ಅದರ ಜೊತೆಗೆ ಅಹೋರಾತ್ರಿ ಸಂಗೀತವೂ ಹೋಯಿತು. ಭೀಮಸೇನ ಜೋಶಿಯವರು ಗುರು ಸವಾಯಿ ಗಂಧರ್ವರ ನೆನಪಿಗೆ 1953ರಲ್ಲಿ ಪುಣೆಯಲ್ಲಿ ಶುರುಮಾಡಿದ ಉತ್ಸವ ಬೆಳಗಿನವರೆಗೆ ನಡೆಯುತ್ತಿತ್ತು, ಅದು ಸಂಜೆಗೆ ಸರಿಯಿತು. ಕರಾವಳಿಯಲ್ಲಿ ಹಲವು ಯಕ್ಷಗಾನ ಮೇಳಗಳು ಕಾಲಮಿತಿಗೆ ಹೊರಳಿದವು. ದರ್ಬಾರಿಯನ್ನು ಮಧ್ಯರಾತ್ರಿ, ಲಲಿತವನ್ನು ನಸುಕಿನಲ್ಲಿ ಕೇಳಿದವರಿಗೆ ಏನು ಹೋಯಿತೆಂದು ಗೊತ್ತು.

ಈಗ ನಮ್ಮ ಮನೆಯ ದೋಷಕ್ಕೆ ಬರುತ್ತೇನೆ. ಕಚೇರಿಗೆ ಬಂದ ಕೇಳುಗರನ್ನು ನಾವು ಹೇಗೆ ನಡೆಸಿಕೊಳ್ಳುತ್ತಿದ್ದೇವೆ? ಆರಕ್ಕೆ ಎಂದು ಕರಪತ್ರದಲ್ಲಿರುತ್ತದೆ, ಮೈಕು ಸರಿಮಾಡುವುದು ಆರೂ ಇಪ್ಪತ್ತಕ್ಕೆ. ಪ್ರವೇಶ ಉಚಿತವಾದ್ದರಿಂದ ಸಭಾ ನಡೆಯುವುದು ಪ್ರಾಯೋಜಕರಿಂದ. ಪ್ರಾಯೋಜಕರು ಇದ್ದಾರೆಂದರೆ ಸ್ವಾಗತ, ದೀಪ, ಶಾಲು, ಹಾರ, ಫಲತಾಂಬೂಲ, ನಾಲ್ಕು ಭಾಷಣ. ಒಮ್ಮೆ ಒಂದು ಊರಿನಲ್ಲಿ ಸಭಾ ಕಾರ್ಯಕ್ರಮ ಒಂದು ಗಂಟೆ ಹತ್ತು ನಿಮಿಷ ಎಳೆದು, ಕಲಾವಿದರಿಗೆ 'ಹೊತ್ತಾಯಿತು, ಮಂಗಳ ಹಾಡಿಬಿಡಿ' ಎಂದು ಚೀಟಿ ಕಳಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಪಕ್ಕದಲ್ಲಿ ಕೂತಿದ್ದ ಹುಡುಗಿ, ಮೊದಲ ಬಾರಿ ಬಂದವಳು, 'ಸಾರ್, ಯಾವಾಗಲೂ ಹೀಗೇನಾ?' ಎಂದು ಕೇಳಿದಳು. ಉತ್ತರ ಕೊಡಲಾಗಲಿಲ್ಲ. ಆಮೇಲೆ ಮೈಕು. ಚೌಡಯ್ಯನವರಿಗೆ ಕೊನೆಯ ಸಾಲು ಮುಟ್ಟುವುದು ಕಷ್ಟವಾಗಿತ್ತು. ಇಂದು ಇನ್ನೂರು ಜನರ ಕೋಣೆಯಲ್ಲಿ ಮೃದಂಗವನ್ನು ಕಿವಿ ಗುಂಯ್‌ಗುಡುವಷ್ಟು ಏರಿಸುತ್ತಾರೆ, ತಂಬೂರಿ ಕೇಳಿಸುವುದೇ ಇಲ್ಲ.

ಯಾವ ರಾಗ, ಯಾರ ರಚನೆ, ಏನು ಅರ್ಥ ಎಂದು ಹೇಳುವುದೂ ಇಲ್ಲ. ಗೊತ್ತಿದ್ದವರಿಗೆ ಅದು ಬೇಡ, ಗೊತ್ತಿಲ್ಲದವರಿಗೆ ಕೇಳಲು ನಾಚಿಕೆ. ಕನ್ನಡಿಗರಿಗೆ ಇದು ಹೊಸದಾಗಿ ಕಲಿಯಬೇಕಾದ ವಿದ್ಯೆಯೇನಲ್ಲ. ಗಮಕದಲ್ಲಿ ಒಬ್ಬರು ಕುಮಾರವ್ಯಾಸನ ಷಟ್ಪದಿಯನ್ನು ರಾಗವಾಗಿ ವಾಚಿಸುತ್ತಾರೆ, ಪಕ್ಕದಲ್ಲಿ ಕೂತ ಇನ್ನೊಬ್ಬರು ವ್ಯಾಖ್ಯಾನ ಹೇಳುತ್ತಾರೆ. ಕೇಳುವವನು ಓದು ಬಾರದವನಾದರೂ ಹೊರಗುಳಿಯುವುದಿಲ್ಲ. ಹರಿಕಥೆಯಲ್ಲಿ ದಾಸರೇ ಹಾಡುತ್ತಾರೆ, ದಾಸರೇ ಬಿಡಿಸಿ ಹೇಳುತ್ತಾರೆ. ಗುರುರಾಜುಲು ನಾಯ್ಡು ಅವರ ಹರಿಕಥೆಗೆ ಜಾತ್ರೆಯಂತೆ ಜನ ಸೇರುತ್ತಿದ್ದದ್ದು ಬರೀ ಕಂಠದಿಂದಲ್ಲ, ಯಾರನ್ನೂ ಕೈಬಿಡದೆ ಕಥೆಯೊಳಗೆ ಕರೆದೊಯ್ಯುತ್ತಿದ್ದ ಆ ಮಾತಿನಿಂದ. ಕಚೇರಿಯ ವೇದಿಕೆಯಲ್ಲಿ ಎರಡು ವಾಕ್ಯ ಮಾತಾಡಿದರೆ ಗಾಂಭೀರ್ಯ ಕೆಡುತ್ತದೆ ಎಂಬ ಭ್ರಮೆಯನ್ನು ವಿದ್ವಾಂಸರು ಬಿಡಬೇಕು.

ಹಾಗಾದರೆ ಇಂದು ಜನ ಯಾವುದಕ್ಕೆ ಬರುತ್ತಿದ್ದಾರೆ? ನನ್ನ ಮಟ್ಟಿಗೆ ಇದಕ್ಕೆ ದೊಡ್ಡ ಉತ್ತರ ಸಿಕ್ಕಿದ್ದು 2005ರ ಏಪ್ರಿಲ್‌ನಲ್ಲಿ, ಬೆಂಗಳೂರಿನ ಅರಮನೆ ಮೈದಾನದಲ್ಲಿ. ಸಿ. ಅಶ್ವಥ್ ಅವರ 'ಕನ್ನಡವೇ ಸತ್ಯ'. ಸಿನಿಮಾ ತಾರೆಯರ ಕುಣಿತದ ಆಕರ್ಷಣೆ ಅಲ್ಲಿರಲಿಲ್ಲ. ಇದ್ದದ್ದು ಕುವೆಂಪು, ಬೇಂದ್ರೆ, ಶರೀಫರು, ಕೆ.ಎಸ್. ನರಸಿಂಹಸ್ವಾಮಿ. ಕವಿತೆ ಕೇಳಲು ಅಷ್ಟು ದೊಡ್ಡ ಮೈದಾನ ತುಂಬುತ್ತದೆ ಎಂದು ಹಿಂದಿನ ದಿನ ಹೇಳಿದ್ದರೆ ಯಾರೂ ನಂಬುತ್ತಿರಲಿಲ್ಲ. ಜನ ಬಂದರು, ಅಶ್ವಥ್ ಕೈ ಎತ್ತಿದಾಗ ಎಲ್ಲರೂ ಹಾಡಿದರು. ಆ ಹಾಡುಗಳು ಕ್ಯಾಸೆಟ್ಟಿನಿಂದ, ಶಾಲೆಯಿಂದ, ಆಕಾಶವಾಣಿಯಿಂದ ಅವರಿಗೆ ಮೊದಲೇ ಬಾಯಿಪಾಠವಾಗಿದ್ದವು. ಮನೆಯಲ್ಲಿ ಒಬ್ಬೊಬ್ಬರೇ ಗುನುಗಿದ್ದನ್ನು ಅಂದು ಎಲ್ಲರ ಜೊತೆ ಹಾಡಲು ಅವರು ಬಂದಿದ್ದರು.

ಇಂದು ಮೈದಾನಗಳನ್ನು ತುಂಬುವ ಎಲ್ಲ ಕಾರ್ಯಕ್ರಮಗಳಲ್ಲೂ ಇದನ್ನೇ ಕಾಣುತ್ತೇನೆ. ವಿಜಯ್ ಪ್ರಕಾಶ್, ಸಂಜಿತ್ ಹೆಗ್ಡೆ, ರಘು ದೀಕ್ಷಿತ್ ವೇದಿಕೆಗೆ ಬಂದಾಗ ಮುಂದಿನ ಸಾಲಿನ ಹುಡುಗ ಹುಡುಗಿಯರು ಪಲ್ಲವಿಯನ್ನು ತಾವೇ ಹಾಡುತ್ತಾರೆ. ರಘು ದೀಕ್ಷಿತರ ಗಿಟಾರಿನ ಜೊತೆ ಶಿಶುನಾಳ ಶರೀಫರ ಪದ ಕೇಳಿ, ಆಮೇಲೆ ಶರೀಫರು ಯಾರೆಂದು ಹುಡುಕಿಕೊಂಡು ಹೋದವರನ್ನು ಬಲ್ಲೆ. ಟಿ.ವಿ.ಯ ಹಾಡಿನ ಸ್ಪರ್ಧೆಯಿಂದ ಬಂದ ಹಾವೇರಿ ಸೀಮೆಯ ಕುರಿಗಾಹಿ ಹನುಮಂತನಿಗೆ ಊರಿನ ಜಾತ್ರೆಗಳಲ್ಲಿ ಜನ ಸೇರುವುದು 'ಇವ ನಮ್ಮವ' ಎಂಬ ಅಭಿಮಾನದಿಂದ. ಈಚೆಗೆ ನಗರಗಳಲ್ಲಿ 'ಭಜನ್ ಕ್ಲಬ್ಬಿಂಗ್' ಎಂಬ ಹೆಸರಿನಲ್ಲಿ ಯುವಕರು ಸೇರಿ ಗಿಟಾರ್, ಡ್ರಮ್ಮುಗಳೊಂದಿಗೆ ಭಜನೆ ಹಾಡುತ್ತಿದ್ದಾರೆ. ಹೆಸರು ಕೇಳಿ ಮುಖ ಸಿಂಡರಿಸುವವರು ತಮ್ಮ ಊರಿನ ಶನಿವಾರದ ಭಜನಾ ಮಂಡಳಿಯನ್ನು ನೆನೆಯಬೇಕು. ಅಲ್ಲಿಯೂ ಹಾಡುವವರು ಬೇರೆ, ಕೇಳುವವರು ಬೇರೆ ಎಂದಿರಲಿಲ್ಲ.

ಇನ್ನೊಂದು ಸೆಳೆತ ಸಂದರ್ಭದ್ದು. ಮೈಸೂರು ದಸರೆಯಲ್ಲಿ ಇದನ್ನು ಒಂದೇ ವಾರದಲ್ಲಿ ಎರಡು ರೀತಿಯಲ್ಲಿ ನೋಡಬಹುದು. 2024ರ ಯುವ ದಸರಾಕ್ಕೆ ಊರ ಹೊರಗಿನ ಉತ್ತನಹಳ್ಳಿಯಲ್ಲಿ ಶ್ರೇಯಾ ಘೋಷಾಲ್, ಎ.ಆರ್. ರಹಮಾನ್, ಇಳಯರಾಜ ಬಂದಾಗ ಜನಸಾಗರ. ಅದರಲ್ಲಿ ಹೊಸದೇನಿಲ್ಲ. ನನಗೆ ಮುಖ್ಯವಾಗಿ ಕಾಣುವುದು ಅರಮನೆಯ ಮುಂದಿನ ವೇದಿಕೆ. ಸುಮಾರು ಒಂದು ಲಕ್ಷ ದೀಪಗಳು ಹೊತ್ತಿಕೊಂಡ ಅರಮನೆಯನ್ನು ನೋಡಲು ನಂಜನಗೂಡಿನಿಂದ, ಹುಣಸೂರಿನಿಂದ ಬಂದ ಕುಟುಂಬಗಳು ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಂಡು ಕೊಳಲನ್ನೋ ಖಯಾಲನ್ನೋ ಕೇಳುತ್ತವೆ. ಇವರು ಯಾವ ಸಭಾಕ್ಕೂ ಹೋದವರಲ್ಲ. ದೀಪಕ್ಕಾಗಿ ಬಂದು ಹಾಡಿಗೆ ನಿಂತವರು. ಮೂಡುಬಿದಿರೆಯ ಆಳ್ವಾಸ್ ವಿರಾಸತ್‌ನಲ್ಲಿ ಸಾವಿರಗಟ್ಟಲೆ ವಿದ್ಯಾರ್ಥಿಗಳು ಶಾಸ್ತ್ರೀಯ ಸಂಗೀತವನ್ನು ಸದ್ದಿಲ್ಲದೆ ಕೇಳುವುದನ್ನು ನೋಡಿದ ಯಾವ ಕಲಾವಿದರೂ ಯುವಕರಿಗೆ ಆಸಕ್ತಿಯಿಲ್ಲ ಎಂದು ಹೇಳಲಾರರು. ಅಲ್ಲಿ ಸಮಯಕ್ಕೆ ಶುರುವಾಗುತ್ತದೆ, ಶಿಸ್ತು ಇರುತ್ತದೆ, ಗೆಳೆಯರೆಲ್ಲ ಜೊತೆಗಿರುತ್ತಾರೆ.

ಮೂರನೆಯ ಸೆಳೆತ ಸಾಮೀಪ್ಯದ್ದು. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಯ ಸಂಗೀತೋತ್ಸವಕ್ಕೆ ಹೋದವರಿಗೆ ಇದು ಅರ್ಥವಾಗುತ್ತದೆ. ಹಳೆಯ ವಾಡೆ, ನೆಲದ ಮೇಲೆ ಜಮಖಾನೆ, ಗಾಯಕರ ಉಸಿರು ಕೇಳಿಸುವಷ್ಟು ಹತ್ತಿರ. ಕೇಳುಗರೊಬ್ಬರು 'ವಾಹ್' ಎಂದರೆ ಹಾಡುವವರ ಮುಂದಿನ ತಾನ್ ಬದಲಾಗುತ್ತದೆ. ಬೆಂಗಳೂರಿನಲ್ಲಿ, ಧಾರವಾಡದಲ್ಲಿ, ಶಿರಸಿಯ ಅಡಕೆ ತೋಟದ ಮನೆಗಳಲ್ಲಿ ಇಂಥ ಮನೆ ಬೈಠಕ್ಕುಗಳು ನಡೆಯುತ್ತವೆ. ಐವತ್ತು ಜನ, ಕೊನೆಗೆ ಅವಲಕ್ಕಿ, ಕಷಾಯ, ಹಾಡಿದವರ ಜೊತೆ ಮಾತು. ಮುನ್ನೂರು ಕುರ್ಚಿಯ ನಡುವೆ ಕೂತ ಇಪ್ಪತ್ತಾರು ಜನ ಅನಾಥರಂತೆ ಕಾಣುತ್ತಾರೆ. ಅದೇ ಇಪ್ಪತ್ತಾರು ಜನ ಒಂದು ನಡುಮನೆಯಲ್ಲಿ ಕೂತರೆ ತುಂಬಿದ ಸಭೆ. ನಮ್ಮ ಸಭಾಗಳಿಗೆ ಇಂದು ಬೇಕಾಗಿರುವುದು ಇನ್ನೊಂದು ಸಾವಿರ ಆಸನದ ಭವನವಲ್ಲ, ಪ್ರತಿ ಬಡಾವಣೆಯಲ್ಲೂ ನೂರು ಜನ ಕೂರುವ, ಮೈಕು ಬೇಡದ ಒಂದು ಕೋಣೆ.

ಇಷ್ಟೆಲ್ಲ ಹೇಳಿಯೂ ನನ್ನನ್ನು ಹೆಚ್ಚು ಕಾಡುವ ಸಂಗತಿ ಒಂದಿದೆ. ಸಂಗೀತ ಕಲಿಯುವ ಮಕ್ಕಳಿಗೆ ಬರವಿಲ್ಲ. ಯಾವ ಬಡಾವಣೆಗೆ ಹೋದರೂ ಸಂಜೆ ಸರಳೆ, ಜಂಟಿ ವರಸೆ ಕೇಳಿಸುತ್ತದೆ. ಜೂನಿಯರ್, ಸೀನಿಯರ್ ಪರೀಕ್ಷೆ ಕಟ್ಟುವವರು ಪ್ರತಿ ವರ್ಷ ಸಾವಿರ ಸಾವಿರ. ಅಮೆರಿಕದ ಕನ್ನಡಿಗರ ಮಕ್ಕಳು ಆನ್‌ಲೈನಿನಲ್ಲಿ ಇಲ್ಲಿನ ಗುರುಗಳಿಂದ ಕಲಿಯುತ್ತಾರೆ. ಇವರಲ್ಲಿ ಹತ್ತರಲ್ಲಿ ಒಬ್ಬರು ತಿಂಗಳಿಗೊಂದು ಕಚೇರಿಗೆ ಬಂದರೂ ಕುರ್ಚಿ ಸಾಲದು. ಬರುವುದಿಲ್ಲ. ಸಂಗೀತ ಶಾಲೆಯ ವಾರ್ಷಿಕೋತ್ಸವದಲ್ಲಿ ತಮ್ಮ ಮಗುವಿನ ಕೃತಿ ಮುಗಿದ ಕೂಡಲೇ ತಂದೆ ತಾಯಿ ವಿಡಿಯೊ ನಿಲ್ಲಿಸಿ, ಮಗುವನ್ನು ಎಬ್ಬಿಸಿಕೊಂಡು ಹೊರಡುತ್ತಾರೆ. ಮುಂದಿನ ಮಗು ಖಾಲಿ ಸಾಲುಗಳಿಗೆ ಹಾಡುತ್ತದೆ. ಕೇಳುವುದೂ ಕಲಿಕೆಯ ಅರ್ಧ ಎಂದು ಆ ಮಗುವಿಗೆ ಯಾರೂ ಹೇಳಿಲ್ಲ. ಈ ತಪ್ಪಿನಲ್ಲಿ ಗುರುಗಳದೂ ಪಾಲಿದೆ. ಹಿಂದೆ ಶಿಷ್ಯರು ಗುರುಗಳ ತಂಬೂರಿ ಹೊತ್ತುಕೊಂಡು ಕಚೇರಿಯಿಂದ ಕಚೇರಿಗೆ ಹೋಗುತ್ತಿದ್ದರು. ಆ ನಡಿಗೆಯಲ್ಲೇ ಅವರು ಕೇಳುಗರಾದರು, ಆಮೇಲೆ ಹಾಡುಗಾರರಾದರು.

ಸಂಗೀತ ಗುರುಗಳಲ್ಲಿ ನನ್ನದೊಂದು ಬಿನ್ನಹ: ತಿಂಗಳಲ್ಲಿ ಒಂದು ಪಾಠ ರದ್ದು ಮಾಡಿ, ಆ ದಿನ ಮಕ್ಕಳನ್ನೂ ಅವರ ಅಪ್ಪ ಅಮ್ಮಂದಿರನ್ನೂ ಹತ್ತಿರದ ಕಚೇರಿಗೆ ಕರೆದುಕೊಂಡು ಹೋಗಿ. ಸಭಾದವರಲ್ಲಿ ಇನ್ನೊಂದು: ಶನಿವಾರ, ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕಚೇರಿ ಇಡಿ, ಹತ್ತಕ್ಕೇ ಶುರುಮಾಡಿ, ಶಾಲು ಹಾರಗಳನ್ನು ಕೊನೆಗೆ ಇಟ್ಟುಕೊಳ್ಳಿ. ಓದುತ್ತಿರುವ ನೀವು ಈ ವಾರ ನಿಮ್ಮ ಊರಿನಲ್ಲಿ ಯಾರು ಹಾಡುತ್ತಿದ್ದಾರೆ ಎಂದು ವಿಚಾರಿಸಿ. ಹೋಗುವಾಗ ಪಕ್ಕದ ಮನೆಯ ಹುಡುಗನನ್ನೋ ಹುಡುಗಿಯನ್ನೋ ಜೊತೆಗೆ ಕರೆದುಕೊಳ್ಳಿ. ತನಿ ಆವರ್ತನಕ್ಕೆ ಏಳಬೇಡಿ.